ಬೇರೆ ಪ್ಲೇಟ್

ಲೀಲಾಧರ ಠಾಣೆ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತೇ ತಲೆ ನೆರೆತ ಮನುಷ್ಯ. ಡೊಂಬಿವಲಿಯಲ್ಲಿ ನನ್ನ ಪಕ್ಕದ ಮನೆಯವನು. ಓದಿದ್ದು ಕಡಿಮೆ, ಆದರೆ ಅವನಿಗೊಂದು ಶಾಸ್ತ್ರವಿತ್ತು. ಗಿರಾಕಿ ಸಾಂಬಾರು ಹಳಸಿದೆ ಎಂದು ಕೂಗಿದರೆ ಯಜಮಾನನಾದವನು ಗಲ್ಲಾ ಬಿಟ್ಟು ಎದ್ದು ಹೋಗಬೇಕು, ಕೈಮುಗಿಯಬೇಕು, ವಾದಿಸದೆ ಬೇರೆ ಪ್ಲೇಟ್ ತರಿಸಬೇಕು. ಗಿರಾಕಿಯೂ ಆಗ ದನಿ ತಗ್ಗಿಸಬೇಕು. "ಮೇಜಿನ ಹತ್ರ ಬಂದವನ ಮರ್ಯಾದೆ ತೆಗಿಬಾರ್ದು ಮಾರಾಯ" ಎನ್ನುತ್ತಿದ್ದ. ಈ ಶಾಸ್ತ್ರವೇ ಅವನ ಮಗಳನ್ನು ಮುಳುಗಿಸಿತು.

ಮಗಳು ಸೌಜನ್ಯ, ಅಪ್ಪನ ಹೋಟೆಲಿನಲ್ಲಿ ಹುಳಿಯಾದ ಹಿಟ್ಟು ಚೆಲ್ಲುವುದನ್ನು ನೋಡುತ್ತ ಬೆಳೆದವಳು. ನಾಳೆಗೆ ಎಷ್ಟು ಅಕ್ಕಿ ನೆನೆಹಾಕಬೇಕು ಎಂದು ಸಣ್ಣ ಹೋಟೆಲುಗಳಿಗೆ ಹೇಳುವ ಆ್ಯಪ್ ಮಾಡಿ, ಬ್ಯಾಂಕಿನ ಕೆಲಸ ಬಿಟ್ಟು ಕಂಪನಿ ತೆರೆದಳು. ನವಿ ಮುಂಬಯಿಯ ಒಂದು ಆಕ್ಸಿಲರೇಟರ್ ಅವಳನ್ನು ಆರಿಸಿತು. ಆಕ್ಸಿಲರೇಟರ್ ಎಂದರೆ ಹೊಸ ಕಂಪನಿಗೆ ಒಂದಿಷ್ಟು ದುಡ್ಡು, ಒಂದಿಷ್ಟು ಬುದ್ಧಿವಾದ, ದೊಡ್ಡವರ ಪರಿಚಯ ಕೊಡುತ್ತೇವೆಂದು ಹೇಳಿ ಪಾಲು ಬರೆಸಿಕೊಳ್ಳುವ ಸಂಸ್ಥೆ. ಪಾಲನ್ನು ಮಾತ್ರ ಮರೆಯದೆ ಬರೆಸಿಕೊಂಡರು. ಹೇಳಿದ ಮಾರ್ಗದರ್ಶಕರು ಬರಲೇ ಇಲ್ಲ. ಹೂಡಿಕೆದಾರರ ಮುಂದೆ ಮಾತಾಡುವ ದಿನ ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿದವರು ಅವರದೇ ಆಫೀಸಿನ ಹುಡುಗರು.

ಸೌಜನ್ಯ ಇದನ್ನೆಲ್ಲ ಲಿಂಕ್ಡ್‌ಇನ್‌ನಲ್ಲಿ ಬರೆದಳು. ಆಕ್ಸಿಲರೇಟರಿನಲ್ಲಿ ಅವಳ ಜೊತೆಗೇ ಆಯ್ಕೆಯಾಗಿದ್ದ, ಅದೇ ಬ್ಯಾಚಿನ ನಿಕಿತಾ "ನನಗೂ ಹೀಗೇ ಆಯಿತು" ಎಂದು ಕೆಳಗೆ ಸೇರಿಸಿದಳು. ಸಂಸ್ಥೆಯ ಮುಖ್ಯಸ್ಥ ರಂಜನ್ ಅಲ್ಲೇ ಉತ್ತರಿಸಿದ: ನಿಮ್ಮ ಪ್ರಾಮಾಣಿಕ ಮಾತಿಗೆ ಕೃತಜ್ಞತೆ, ನಾವೂ ಕಲಿಯುತ್ತಿದ್ದೇವೆ, ಆಫೀಸಿಗೆ ಬನ್ನಿ, ಕೂತು ಮಾತಾಡೋಣ.

ಲೀಲಾಧರನ ಮುಖ ಅರಳಿತು. "ನೋಡಿದ್ಯಾ, ಯಜಮಾನನೇ ಮೇಜಿನ ಹತ್ರ ಬಂದ. ಇನ್ನು ಬೇರೆ ಪ್ಲೇಟ್ ಬಂದ ಹಾಗೇ. ನೀನು ಬರ್ದದ್ದು ತೆಗ್ದು ಹೋಗು ಮಗಾ."

"ತೆಗೆದ್ರೆ ನನ್ನ ಹತ್ರ ಏನುಂಟು ಪಪ್ಪಾ?"

"ಅವ್ರ ಮಾತುಂಟಲ್ಲ."

ಅಪ್ಪನ ಮಾತು ಮೀರದೆ ಸೌಜನ್ಯ ತೆಗೆದಳು. ರಂಜನ್ ಕಾಫಿ ಕೊಟ್ಟ, ಅವಳ ಧೈರ್ಯವನ್ನು ಹೊಗಳಿದ, ಲಿಫ್ಟಿನವರೆಗೂ ಬಂದು ಬೀಳ್ಕೊಟ್ಟ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆಮೇಲೆ ಬ್ಯಾಚಿನ ವಾಟ್ಸಾಪ್ ಗುಂಪಿನಿಂದ, ವೆಬ್‌ಸೈಟಿನ ಫೋಟೊದಿಂದ ಅವಳನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದರು. ಅವಳ ಆ್ಯಪ್ ಕೊಳ್ಳಲು ಒಪ್ಪಿದ್ದ ಹೋಟೆಲ್ ಮಾಲೀಕರೊಬ್ಬರು ರಂಜನನನ್ನು ವಿಚಾರಿಸಿ ಹಿಂದೆ ಸರಿದರು. ಲೀಲಾಧರನ ಹಳೆಯ ಪರಿಚಯದವರಾದ್ದರಿಂದ ಕಾರಣವನ್ನೂ ಹೇಳಿದರು: ಹುಡುಗಿ ಜಗಳಗಂಟಿಯಂತೆ, ಏನೇನೋ ಬರೆದು ಕೊನೆಗೆ ಸುಳ್ಳೆಂದು ತಾನೇ ಅಳಿಸಿದಳಂತೆ.

ನಿಕಿತಾ ತಾನು ಬರೆದಿದ್ದನ್ನು ಮರೆತು, ರಂಜನ್ ಜೊತೆಗಿನ ಫೋಟೊ ಹಾಕಿ "ಇದು ನನ್ನ ಕುಟುಂಬ" ಎಂದಳು. ಎಂಥ ಕುಟುಂಬವೋ! ಓದಿ ನನ್ನ ಮೈಯೆಲ್ಲ ಉರಿಯಿತು. ಆದರೆ ಅವಳ ಕಂಪನಿಯ ಪಾಲೂ ಅವರ ಕೈಯಲ್ಲೇ ಇತ್ತು, ಪಾಪ.

"ಮತ್ತೆ ಬರಿ" ಎಂದು ಸೌಜನ್ಯಳಿಗೆ ಹೇಳಿದೆ.

"ಒಮ್ಮೆ ಅಳಿಸಿದವಳನ್ನು ಯಾರು ನಂಬ್ತಾರೆ ಅಂಕಲ್?" ಎಂದಳು.

ಕೊಳ್ಳುವವರಿಲ್ಲದೆ ಅವಳ ಕಂಪನಿ ಮುಚ್ಚಿತು. ಸೌಜನ್ಯ ಈಗ ಘಣಸೋಲಿಯಲ್ಲಿ ಮನೆಮನೆಗೆ ಊಟ ತಲುಪಿಸುವ ಕಂಪನಿಯೊಂದರಲ್ಲಿದ್ದಾಳೆ. ಗಿರಾಕಿಗಳ ದೂರಿಗೆ ಉತ್ತರ ಬರೆಯುವುದು ಅವಳ ಕೆಲಸ. ಹೋದ ಭಾನುವಾರ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಲೀಲಾಧರ ಮಗಳನ್ನು ಕೇಳಿದ.

"ಊಟ ಸರಿ ಇಲ್ಲ ಅಂತ ಗಿರಾಕಿ ಬೈದ್ರೆ ನೀವು ಎಂತ ಮಾಡುದು?"

"ನಿಮ್ಮ ಪ್ರಾಮಾಣಿಕ ಮಾತಿಗೆ ಕೃತಜ್ಞತೆ, ನಾವೂ ಕಲಿಯುತ್ತಿದ್ದೇವೆ ಅಂತ ಬರಿಯುದು."

"ಮತ್ತೆ, ಬೇರೆ ಪ್ಲೇಟ್?"

"ಪ್ಲೇಟ್ ಇಲ್ಲ ಪಪ್ಪಾ. ಬರಿಯುದು ಮಾತ್ರ."