ಬಸವಣ್ಣೆವ್ವ ಕಲಿಸಿದ ಜರ್ಮನ್

ಲಿಂಗಪೂಜೆ ಮುಗಿಸಿ, ಒಲೆ ಹೊತ್ತಿಸುವ ಮೊದಲು, ಬಸವಣ್ಣೆವ್ವ ಜರ್ಮನ್ ಶಬ್ದಕೋಶದ ಒಂದು ಪುಟ ಗಟ್ಟಿಯಾಗಿ ಓದುತ್ತಿದ್ದಳು. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ.

ಹುಬ್ಬಳ್ಳಿಯಲ್ಲಿ ಜರ್ಮನ್ ಪಾದ್ರಿಯೊಬ್ಬರ ಮನೆಯಲ್ಲಿ ಹನ್ನೆರಡು ವರ್ಷ ಕೂಸುಗಳನ್ನು ಆಡಿಸಿದವಳು ಆಕೆ. ಮಾತು ಕಲಿತದ್ದು ಕೂಸುಗಳಿಂದ, ಅಕ್ಷರ ಕಲಿತದ್ದು ಪಾದ್ರಿಯ ಹೆಂಡತಿಯಿಂದ. ಕೊರಳ ಲಿಂಗ ಮಾತ್ರ ಕೊರಳಲ್ಲೇ ಉಳಿಯಿತು. ೧೯೧೪ರ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಆ ಪಾದ್ರಿಯ ಮನೆಯವರನ್ನು ಸೆರೆಯಲ್ಲಿಟ್ಟಾಗ ಆಕೆ ಪುಣೆಯ ಸದಾಶಿವ ಪೇಠಿನ ಅಣ್ಣನ ಮನೆ ಸೇರಿದಳು. ಯುದ್ಧ ಮುಗಿದ ಮೇಲೆ, ಬರ್ಲಿನ್ನಿಗೆ ಓದಲು ಹೊರಟ ನಾಲ್ವರು ಆಕೆಯ ಪಡಸಾಲೆಗೆ ಪಾಠಕ್ಕೆ ಬರತೊಡಗಿದರು.

ಕಾಲೇಜಿನಲ್ಲಿ ಜರ್ಮನ್ ಕಲಿಸುವ ಪ್ರೊಫೆಸರ್ ಶಿವರುದ್ರಪ್ಪನವರಿಗೆ ಇದು ಸೇರಲಿಲ್ಲ. "ಆಯಾನ ಜರ್ಮನ್ ತೊಟ್ಟಿಲ ತನಕ ಅಷ್ಟ ನಡೀತದ" ಎಂದು ಕಂಡಕಂಡಲ್ಲಿ ನಕ್ಕರು. ಮೂವರು ಬಿಟ್ಟುಹೋದರು. ಉಳಿದವನು ಮಾರ್ತಾಂಡ ಒಬ್ಬನೇ. ಅವನನ್ನೂ ಬಿಡಿಸಲು ಪ್ರೊಫೆಸರರು ಒಂದು ದಿನ ಪಾಠದ ನಡುವೆಯೇ ಬಂದರು.

"ಬೂಟು ಹೊರಗ ಬಿಡ್ರಿ," ಎಂದಳು ಬಸವಣ್ಣೆವ್ವ.

ಬಿಟ್ಟು ಕೂತರು. "ಮಂದೀನ್ನ ರಂಜಿಸೋದಕ್ಕ ಜರ್ಮನ್‌ದಾಗ ಉಂಟರ್‌ಹಾಲ್ಟನ್ ಅಂತಾರ. ಅದು ಹೆಂಗ ಹುಟ್ತು, ಗೊತ್ತೈತೇನ ನಿನಗ? ಉಂಟರ್ ಅಂದ್ರ ಕೆಳಗ, ಹಾಲ್ಟನ್ ಅಂದ್ರ ಹಿಡಿಯೋದು. ನಗಸೋದು ಕೆಳಗ ನಿಂತವರ ಕೆಲಸ. ನಿನ್ನಂಥವರ ಕೆಲಸ!"

"ಅಲ್ರಿ. ಬೀಳಧಂಗ ಕೆಳಗ ಕೈ ಕೊಟ್ಟು ಹಿಡಿಯೋದು. ಅನ್ನ ಹಾಕಿ ಸಾಕೋದು ಅದರ ಮೊದಲಿನ ಅರ್ಥ. ಮಾತುಕತಿ, ವಿನೋದ ಎಲ್ಲಾ ಆಮ್ಯಾಲ ಫ್ರೆಂಚರನ್ನ ನೋಡಿ ಹಚ್ಚಿಕೊಂಡದ್ದು." ಶಬ್ದಕೋಶ ತೆರೆದು ಅವರ ತೊಡೆಯ ಮೇಲಿಟ್ಟಳು. "ಓದ್ರಿ. ಕೂಸನ್ನ ಎತ್ತುವಾಗ ತಲಿ ಕೆಳಗ ಕೈ ಇಡಬೇಕ್ರಿ. ಕೂಸು ನಗೋದು ಆಮ್ಯಾಲ. ಇಷ್ಟು ಆಯಾಗೋಳಿಗೆ ಗೊತ್ತಿರ್ತದ."

ಮಾರ್ತಾಂಡ ಕೆಮ್ಮಿದಂತೆ ಮಾಡಿ ನಗು ನುಂಗಿದ. ಪ್ರೊಫೆಸರರು ಎರಡು ಸಲ ಓದಿದರು. ದನಿ ಇಳಿಯಿತು, 'ನೀ' ಹೋಗಿ 'ರೀ' ಬಂತು.

"ಛಲೋ ಓದೀರಿ. ಒಂದು ಮಾತು. ಜರ್ಮನ್ ನನ್ನ ಹತ್ರ ಕಲಿತೀರಿ ಅಂತ ಮಂದಿಗೆ ಹೇಳ್ರಿ ಸಾಕು. ಬಿಟ್ಟ ಮೂವರನ್ನೂ ಕಳಸ್ತೀನಿ, ಮ್ಯಾಲ ಹತ್ತು ಮಂದೀನ್ನ ಕಳಸ್ತೀನಿ. ಯಾರೂ ಆಯಾ ಅನ್ನೂದಿಲ್ಲ."

"ಬ್ಯಾಡ್ರಿ," ಎಂದಳು ಬಸವಣ್ಣೆವ್ವ. "ನನಗ ಕಲಿಸಿದಾಕಿ ಬ್ಯಾರೆ ಅದಾಳ. ಆಕಿ ಹೆಸರು ಅಳಿಸಿ ನಿಮ್ಮದು ಹೇಳಲಾರೆ. ಆಯಾ ಅಂದವರು ಅನ್ಲಿ, ನಾ ಆಯಾನ ಇದ್ದೆ."

ನಂತರ ಮಾರ್ತಾಂಡನ ಕಡೆ ತಿರುಗಿದಳು. "ಮುಂದಿನ ಸಾಲು ಓದೋ."