ಬೇಸಿಗೆಯ ವಿಳಾಸ

ಟೂಲಿಕ್ಕಿ ಹಠಮಾರಿ ಹೆಂಗಸು. ಫಿನ್ಲೆಂಡಿನ ಹಳ್ಳಿಗಾಡಿನಲ್ಲಿ ಇಪ್ಪತ್ತು ವರ್ಷ ಮನೆಮನೆಗೆ ಹೋಗಿ ಸೂಜಿ ಚುಚ್ಚಿದ ದಾದಿ. ಬೆನ್ನು ಕೈಕೊಟ್ಟ ಮೇಲೆ ಪುರಸಭೆಯಲ್ಲಿ ಕೂತು, ದಾದಿಯರ ಫೋನಿನಲ್ಲಿ ತೆರೆಯುವ ಫಾರ್ಮುಗಳನ್ನು ಮಾಡತೊಡಗಿದಳು. ರೋಗಿಯ ಸಂಖ್ಯೆ ಒತ್ತಿದರೆ ಸಾಕು, ಫಾರ್ಮು ದಾಖಲೆಗೆ ಒಂದು ಪ್ರಶ್ನೆ ಕಳಿಸಿ ಹೆಸರು, ಮದ್ದು, ವಿಳಾಸ ತಂದು ತುಂಬುತ್ತಿತ್ತು.

ಆ ವಿಳಾಸವೇ ಹೋದ ವರ್ಷ ಮುಳುವಾಯಿತು. ಜೂನ್ ಬಂತೆಂದರೆ ಊರಿಗೆ ಊರೇ ಸರೋವರದಂಚಿನ ಮರದ ಮನೆ ಸೇರುತ್ತದೆ. ಯಾರೂ ಯಾರಿಗೂ ಹೇಳಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯ ಮುದುಕ ತೌನೋನೂ ಹಾಗೇ ಹೋಗಿದ್ದ. ಹೊಸ ದಾದಿ ಪೇಟೆಮನೆಯ ಬಾಗಿಲು ಬಡಿದು, 'ಮನೆಯಲ್ಲಿಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಹಿಂದಿರುಗಿದಳು. ಇನ್ಸುಲಿನ್ ಇಲ್ಲದೆ ಸರೋವರದ ಮನೆಯಲ್ಲಿ ಎಚ್ಚರ ತಪ್ಪಿ ಬಿದ್ದವನನ್ನು ಕಂಡದ್ದು, ಗುರುವಾರದ ಬಟಾಣಿ ಸಾರು ತಂದ, ಮುದುಕರ ಮನೆಗೆ ಊಟ ಮುಟ್ಟಿಸುವ ಗಾಡಿಯವನು. ಮುದುಕ ಉಳಿದದ್ದೇ ಪುಣ್ಯ. ಆ ಚೌಕ ಮಾಡಿದವಳು ತಾನೇ ಎಂಬುದು ಟೂಲಿಕ್ಕಿಯನ್ನು ಚಳಿಗಾಲವಿಡೀ ಕೊರೆಯಿತು.

ಗಾಡಿಯವನಿಗೆ ದಾರಿ ಹೇಗೆ ಗೊತ್ತಿತ್ತು? ಅವನ ಊಟ ಹಂಚುವ ಪಟ್ಟಿಯಲ್ಲಿ ಬೇಸಿಗೆಯ ವಿಳಾಸವೂ ಇತ್ತು! ಫಾರ್ಮು ಅದನ್ನೂ ಒಂದು ಮಾತು ಕೇಳಿದರಾಯಿತು.

"ಒಂದು ಫಾರ್ಮಿಗೆ ಒಂದೇ ಪ್ರಶ್ನೆ. ಎರಡನೇದು ಸೇರಿಸಿದ್ರೆ ನಿಧಾನ ಆಗತ್ತೆ. ಆಗಸ್ಟ್‌ನಲ್ಲಿ ನೋಡೋಣ," ಅಂದ ಮೇಲಧಿಕಾರಿ ಆಂಟೆರೋ.

"ಆಗಸ್ಟ್‌ಗೆ ಎಲ್ರೂ ವಾಪಸ್ ಬಂದಿರ್ತಾರೆ ಮಾರಾಯಾ! ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ತೀಯಾ? ಬಟಾಣಿ ಸಾರಿಗೆ ಗೊತ್ತಿರೋ ದಾರಿ ಸೂಜಿಗೆ ಗೊತ್ತಿಲ್ಲ ಅಂದ್ರೆ ನಾಚಿಕೆ ಆಗಲ್ವಾ?"

"ಒಂದು ಸೆಕೆಂಡ್ ಮೀರಿದ್ರೆ ತೆಗೆದುಹಾಕ್ತೀನಿ, ನೋಡು."

ಮೊದಲ ಸಲ ನಾಲ್ಕು ಸೆಕೆಂಡು ಹಿಡಿಯಿತು. ಫಾರ್ಮು ಇಡೀ ಊಟದ ಪಟ್ಟಿಯನ್ನೇ ಹೊತ್ತು ತರುತ್ತಿತ್ತು. ಟೂಲಿಕ್ಕಿ ಬಿಡಲಿಲ್ಲ. ಮೊದಲ ಪ್ರಶ್ನೆಗೆ ರೋಗಿ ಸಿಕ್ಕ ಮೇಲೆ, ಆ ಒಬ್ಬನ ಸಾಲನ್ನು ಮಾತ್ರ, ಅದೂ ಬೇಸಿಗೆಯಲ್ಲಿ ಮಾತ್ರ ಕೇಳುವಂತೆ ತಿದ್ದಿದಳು. ಈಗ ಅರ್ಧ ಸೆಕೆಂಡು. ಆಂಟೆರೋ ಎರಡು ಸಲ ಒತ್ತಿ ನೋಡಿ, ಅದನ್ನು ತೆಗೆದುಹಾಕದೆ ಎದ್ದುಹೋದ.

ನಡುಬೇಸಿಗೆಯ ಹಬ್ಬದ ಬೆಳಿಗ್ಗೆ ಕಚೇರಿಯಲ್ಲಿ ಟೂಲಿಕ್ಕಿ ಒಬ್ಬಳೇ ಕೂತು ಪರದೆ ನೋಡುತ್ತಿದ್ದಳು. ಹೋದ ವರ್ಷದ ಆ ದಾದಿಯ ಫೋನ್ ಬಂತು.

"ಅಕ್ಕಾ, ತೌನೋ ಅಜ್ಜ ಸೌನಾದ ಉಗಿಸ್ನಾನದಿಂದ ಟವೆಲ್ ಸುತ್ಕೊಂಡೇ ಬಂದ್ರು. ದಾರಿ ಯಾರು ತೋರಿಸಿದ್ರು ಅಂತ ಕೇಳ್ತಿದಾರೆ."

"ಬಟಾಣಿ ಸಾರು ಅಂತ ಹೇಳು."

ಪರದೆಯ ಮೇಲೆ ಸಾಲು ಮೂಡಿತು: 'ಇನ್ಸುಲಿನ್ ಕೊಟ್ಟಾಯಿತು.' ಟೂಲಿಕ್ಕಿಗೆ ಅಳು ಬಂತು, ಅತ್ತಳು. ಆಮೇಲೆ ಮೂಗೊರೆಸಿಕೊಂಡು, ಯಾರನ್ನೂ ಕೇಳದೆ, 'ಮನೆಯಲ್ಲಿಲ್ಲ' ಎಂಬ ಚೌಕವನ್ನೇ ಫಾರ್ಮಿನಿಂದ ಅಳಿಸಿಹಾಕಿದಳು.