ಮುಮ್ತಾಜ್ ಬರೆಯದ ಪರೀಕ್ಷೆ

ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹರಿದಾಗ ಏಳುತ್ತಿದ್ದ ಆ ಬೆಚ್ಚನೆಯ ವಾಸನೆ ನಿಮಗೂ ನೆನಪಿರಬಹುದು. ನನಗೆ ಅದೆಂದರೆ ಎಂಬತ್ತರ ದಶಕದ ಮಾರೇನಹಳ್ಳಿಯ ಒಂದು ಕೋಣೆಯ ಮನೆ. ಬಾಗಿಲ ಬೆಳಕಿಗೆ ಹೊಲಿಗೆ ಮೆಷಿನ್ನು, ಅದರ ಮುಂದೆ ನನ್ನ ಗೆಳತಿ ಮುಮ್ತಾಜಳ ಅಪ್ಪ ರಹೀಮಣ್ಣ, ಪರದೆಯಾಚೆ ಅವಳಮ್ಮನ ಸೀಮೆಎಣ್ಣೆ ಸ್ಟೌವು. ಅಮ್ಮನ ರವಿಕೆ ಬಟ್ಟೆ ಕೊಡಲು ಹೋದ ನಾನು ಅಲ್ಲೇ ಕೂತುಬಿಡುತ್ತಿದ್ದೆ. ನಾವಿಬ್ಬರೂ ಏಳನೇ ಕ್ಲಾಸು. ರಹೀಮಣ್ಣ ಅಳತೆಗೆ ಕತ್ತರಿಸಿ ಬಿಟ್ಟ ನ್ಯೂಸ್‌ಪೇಪರ್ ಚೂರುಗಳೇ ಅವಳ ಆಟಿಕೆ. ಒಂದು ಸಂಜೆ ಪೇಪರಿನಲ್ಲಿ ತ್ರಿಕೋನ ಕತ್ತರಿಸಿ, ಮೇಲಿನ ತುದಿಯನ್ನು ಕೆಳಗಿನ ಅಂಚಿಗೆ ಮಡಚಿದಳು. ಎಡಬಲದ ತುದಿಗಳನ್ನೂ ತಂದು ಅಲ್ಲಿಗೇ ಸೇರಿಸಿದಳು.

"ನೋಡೇ, ಮೂರೂ ಮೂಲೆ ಕೂಡಿದ್ರೆ ಸೀದಾ ಗೆರೆ! ಹೆಂಗ್ ಕತ್ತರ್ಸಿದ್ರೂ ಅಷ್ಟೇ ಕಣೇ!"

ತ್ರಿಕೋನದ ಮೂರು ಕೋನ ಸೇರಿದರೆ ನೂರೆಂಬತ್ತು ಡಿಗ್ರಿ ಎಂಬ ಆ ಪಾಠ ನಮಗಿನ್ನೂ ಆಗಿರಲಿಲ್ಲ. ಯಾರೂ ಹೇಳಿಕೊಡದೆ ಅವಳೇ ಕಂಡುಕೊಂಡದ್ದು ಅದು.

ಮರುದಿನ ಲೆಕ್ಕದ ಮಿಸ್ಸಿಗೆ ತೋರಿಸಿದಳು. ಸ್ಕಾಲರ್‌ಶಿಪ್ ಪರೀಕ್ಷೆಗೆ ಜಾಣ ಮಕ್ಕಳನ್ನು ಆರಿಸುತ್ತಿದ್ದ ಸಮಯ. ಅದು ಸಿಕ್ಕರಷ್ಟೇ ಮುಮ್ತಾಜಳಿಗೆ ಹೈಸ್ಕೂಲು. ಮಿಸ್ಸು ಕಾಗದವನ್ನು ತಿರುಗಿಸಿ ನೋಡಿ ನಕ್ಕರು. "ಅಪ್ಪನ ಕೈಗುಣ ಬಂದಿದೆ ಕಣೇ ನಿಂಗೆ! ಹೊಲಿಗೆ ಸ್ಪರ್ಧೆಗೆ ಹೆಸರು ಬರ್ಕೋತೀನಿ." ಪರೀಕ್ಷೆಗೆ ಆಯ್ಕೆಯಾದವರು ಮುಂದಿನ ಬೆಂಚಿನ ನಾವು, ಗೈಡು ಉರುಹೊಡೆದವರು.

ವಿಷಯ ತಿಳಿದು ರಹೀಮಣ್ಣ ಮೆಷಿನ್ನು ನಿಲ್ಲಿಸಿ, ಹಬ್ಬದ ಶರಟು ಹಾಕಿಕೊಂಡು ಸ್ಕೂಲಿಗೆ ಬಂದರು. ಬಾಗಿಲಲ್ಲೇ ನಿಂತು, "ನಮ್ ಹುಡ್ಗಿ ಹೆಸ್ರೂ ಸೇರ್ಸಿ ಮೇಡಮ್ಮೋರೇ, ಓದ್ತಾಳೆ," ಎಂದರು.

"ನಿಮ್ ಕಡೆ ಹೆಣ್ಮಕ್ಳನ್ನ ಎಲ್ಲಿ ಓದಿಸ್ತೀರಾ ಸಾಬ್ರೇ? ಸುಮ್ನೆ ಒಂದು ಸೀಟು ದಂಡ."

ಓದಿಸಬೇಕೆಂದೇ ಬಂದು ಎದುರು ನಿಂತವರಿಗೆ ಈ ಮಾತು! ಮಿಸ್ಸು ಕೆಟ್ಟವರಾಗಿದ್ದರೆ ಮರೆತುಬಿಡುತ್ತಿದ್ದೆನೇನೋ. ಜ್ವರ ಬಂದ ಮಕ್ಕಳನ್ನು ಮನೆತನಕ ಬಿಟ್ಟುಬರುತ್ತಿದ್ದ ಹೆಂಗಸು. ಆದರೆ ಅದೇ ಕಾಗದವನ್ನು ಲಾಯರ ಮಗಳೋ ಮೇಷ್ಟರ ಮಗನೋ ಮಡಚಿ ತಂದಿದ್ದರೆ ಸ್ಟಾಫ್‌ರೂಮಿಗೆಲ್ಲ ಹಿಡಿದು ತೋರಿಸುತ್ತಿದ್ದರು. ಟೈಲರ್ ಸಾಬರ ಮಗಳ ಕೈಯಲ್ಲಿ ಮಾತ್ರ ಅವರಿಗೆ ಕಂಡದ್ದು ಕತ್ತರಿ.

ಆ ಬೇಸಿಗೆಗೆ ಮುಮ್ತಾಜಳ ಓದು ನಿಂತಿತು. ಅಪ್ಪನ ಪಕ್ಕ ಕೂತು ಅಂಗಿಗಳ ಗುಂಡಿತೂತಿಗೆ ಕಾಜಾ ಹೊಲಿಯತೊಡಗಿದಳು. ಆಮೇಲೆ ಅವರು ಕೆಂಗೇರಿ ಕಡೆಗೆ ಹೋದರಂತೆ. ಆ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ.

ಓದು ನಿಲ್ಲುವ ಮೊದಲು, ಮಿಸ್ಸು ಹೆಸರು ಬರೆದುಕೊಂಡ ಆ ಹೊಲಿಗೆ ಸ್ಪರ್ಧೆಯಲ್ಲಿ ಅವಳಿಗೇ ಮೊದಲ ಬಹುಮಾನ ಬಂದಿತ್ತು, ಒಂದು ಸ್ಟೀಲ್ ಡಬ್ಬಿ. ಆವತ್ತು ರಹೀಮಣ್ಣ ಮಗಳನ್ನು ಕರೆದುಕೊಂಡು ಮಿಸ್ಸಿನ ಹತ್ತಿರ ಹೋದರು. ತಲೆಬಾಗಿ, ಎರಡೂ ಕೈ ಜೋಡಿಸಿ, "ನಿಮ್ಮಿಂದ ಆಯ್ತು ಮೇಡಮ್ಮೋರೇ," ಎಂದರು.